ಕತ್ತಿನ ಧಮನಿ ಕಿರಿದಾದಾಗ ಕಣ್ಣಿನ ಆಮ್ಲಜನಕಕ್ಕೆ ಏನಾಗುತ್ತದೆ?

ಬೆರಳಿಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರ್ 98 ಎಂದು ತೋರಿಸುತ್ತಿದೆ. ಶ್ವಾಸಕೋಶ ಚೆನ್ನಾಗಿದೆ, ರಕ್ತಹೀನತೆ ಇಲ್ಲ, ಹೃದಯದ ಬಡಿತವೂ ಸರಿಯಾಗಿದೆ. ಆದರೂ ಅದೇ ಮನುಷ್ಯನ ಒಂದು ಕಣ್ಣು ಆಮ್ಲಜನಕ ಸಾಲದೆ ಒಳಗೊಳಗೇ ಸೊರಗುತ್ತಿರಬಹುದು. ಇನ್ನೊಂದು ಕಣ್ಣಿಗೆ ಯಾವ ತೊಂದರೆಯೂ ಇಲ್ಲದಿರಬಹುದು. ಇದು ಹೇಗೆ ಸಾಧ್ಯ?

ಆಕ್ಸಿಮೀಟರ್ ಹೇಳುವುದು ರಕ್ತದಲ್ಲಿರುವ ಹಿಮೋಗ್ಲೋಬಿನ್ ಎಷ್ಟರಮಟ್ಟಿಗೆ ಆಮ್ಲಜನಕವನ್ನು ಹೊತ್ತಿದೆ ಎಂಬುದನ್ನು ಮಾತ್ರ. ಆ ರಕ್ತ ನಿಮಿಷಕ್ಕೆ ಎಷ್ಟು, ಎಲ್ಲಿಗೆ ತಲುಪುತ್ತಿದೆ ಎಂಬುದು ಅದಕ್ಕೆ ತಿಳಿಯದು. ಕಾಲುವೆಯ ಮೊದಲಲ್ಲಿ ನಿಂತು ನೀರು ತಿಳಿಯಾಗಿದೆ ಎಂದು ಹೇಳಿದವನಿಗೆ, ಕೊನೆಯ ಗದ್ದೆಗೆ ನೀರು ಹತ್ತಿದೆಯೇ ಎಂಬುದು ಗೊತ್ತಿರುವುದಿಲ್ಲ. ಕತ್ತಿನ ಧಮನಿ ಕಿರಿದಾದವರ ಕಣ್ಣಿನ ಸ್ಥಿತಿ ಆ ಕೊನೆಯ ಗದ್ದೆಯದು. ಕೊರತೆ ಇರುವುದು ರಕ್ತದ ಗುಣದಲ್ಲಲ್ಲ, ಅದರ ಹರಿವಿನಲ್ಲಿ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ದಾರಿ

ಗಂಟಲಮಣಿಯ ಪಕ್ಕದಲ್ಲಿ ಬೆರಳನ್ನು ಹಗುರವಾಗಿ ಇಟ್ಟರೆ ಸಿಗುವ ಬಡಿತ ಕ್ಯಾರೋಟಿಡ್ ಧಮನಿಯದು. ಎಡಕ್ಕೊಂದು, ಬಲಕ್ಕೊಂದು. ಮಂಪರು ಎಂಬ ಅರ್ಥದ ಗ್ರೀಕ್ ಪದದಿಂದ ಈ ಹೆಸರು ಬಂದಿದೆ. ಇದನ್ನು ಒತ್ತಿ ಹಿಡಿದರೆ ಮನುಷ್ಯ ಎಚ್ಚರ ತಪ್ಪುತ್ತಾನೆ ಎಂಬುದನ್ನು ಪ್ರಾಚೀನ ಗ್ರೀಕರು ಕಂಡಿದ್ದರು. ಆದ್ದರಿಂದ ಬಡಿತ ನೋಡುವ ಕುತೂಹಲದಲ್ಲಿ ಎರಡೂ ಪಕ್ಕವನ್ನು ಒಟ್ಟಿಗೆ ಒತ್ತಬಾರದು.

ಗಂಟಲಮಣಿಯ ಮೇಲಂಚಿನ ಎತ್ತರದಲ್ಲಿ ಈ ಧಮನಿ ಎರಡಾಗಿ ಕವಲೊಡೆಯುತ್ತದೆ. ಹೊರಗವಲು ಮುಖಕ್ಕೂ ನೆತ್ತಿಗೂ ರಕ್ತ ಕೊಡುತ್ತದೆ. ಒಳಗವಲು ಕತ್ತಿನಲ್ಲಿ ಯಾರಿಗೂ ಏನನ್ನೂ ಹಂಚದೆ ನೇರವಾಗಿ ತಲೆಬುರುಡೆಯೊಳಗೆ ಹೋಗುತ್ತದೆ. ಅಲ್ಲಿ ಅದರಿಂದ ಒಡೆಯುವ ಮೊದಲ ದೊಡ್ಡ ಕವಲೇ ಕಣ್ಣಿನ ಧಮನಿ. ಮಿದುಳಿಗೆ ಹೊರಟ ರಕ್ತದಲ್ಲಿ ಮೊದಲ ಪಾಲು ಕಣ್ಣಿಗೆ ಎಂದಾಯಿತು. ಒಳಗವಲಿನಲ್ಲಿ ತೊಂದರೆಯಾದಾಗ ಕಣ್ಣು ಅನೇಕ ಸಲ ಮಿದುಳಿಗಿಂತ ಮೊದಲೇ ದೂರು ಹೇಳುವುದಕ್ಕೆ ಈ ನೆರೆಹೊರೆಯೂ ಒಂದು ಕಾರಣ.

ಕಿರಿದಾಗುವುದು ಸಾಮಾನ್ಯವಾಗಿ ಆ ಕವಲಿನ ಜಾಗದಲ್ಲೇ. ನೇರವಾದ ನಾಳದಲ್ಲಿ ರಕ್ತ ಗೋಡೆಯನ್ನು ಸವರಿಕೊಂಡು ಒಂದೇ ದಿಕ್ಕಿಗೆ ಹರಿಯುತ್ತದೆ. ಆ ಸವರುವಿಕೆ ಗೋಡೆಯ ಒಳಪದರಕ್ಕೆ ಒಳ್ಳೆಯದು. ಕವಲಿನ ಬಳಿ ನಾಳ ಸ್ವಲ್ಪ ಉಬ್ಬಿಕೊಂಡಿರುವುದರಿಂದ ಹೊರಗೋಡೆಯ ಪಕ್ಕದಲ್ಲಿ ಹರಿವು ಮಂದವಾಗುತ್ತದೆ, ಹಿಂದೆ ಮುಂದೆ ತೊನೆಯುತ್ತದೆ. ಅಲ್ಲಿನ ಒಳಪದರ ಉರಿಯೂತಕ್ಕೆ ಸಿಕ್ಕಿ, ಅದರಡಿಯಲ್ಲಿ ಕೊಲೆಸ್ಟರಾಲ್ ಸೇರಿಕೊಂಡು, ವರ್ಷಗಟ್ಟಲೆ ಬೆಳೆದು ಗಟ್ಟಿ ಜಿಡ್ಡಾಗುತ್ತದೆ. ಧೂಮಪಾನ, ಮಧುಮೇಹ, ಏರಿದ ರಕ್ತದೊತ್ತಡ, ಕೊಲೆಸ್ಟರಾಲ್, ವಯಸ್ಸು ಇವೆಲ್ಲ ಅದಕ್ಕೆ ಗೊಬ್ಬರ.

ಎಷ್ಟು ಕಿರಿದಾದರೆ ಅಪಾಯ?

ಇಲ್ಲಿ ಒಂದು ತಪ್ಪು ಕಲ್ಪನೆ ಸುಲಭವಾಗಿ ನುಸುಳುತ್ತದೆ. ಅರ್ಧ ಮುಚ್ಚಿದರೆ ಅರ್ಧ ರಕ್ತ ಹೋಗುತ್ತದೆ ಎಂದು ನಾವು ಎಣಿಸುತ್ತೇವೆ. ಹಾಗಾಗುವುದಿಲ್ಲ. ವ್ಯಾಸ 50% ಕಿರಿದಾದಾಗ ನಾಳದ ಬಾಯಿಯ ವಿಸ್ತೀರ್ಣದಲ್ಲಿ ಉಳಿಯುವುದು ಕಾಲುಭಾಗ. ಆದರೂ ಆ ಹಂತದಲ್ಲಿ ಒಟ್ಟು ಹರಿವು ಹೆಚ್ಚೇನೂ ಇಳಿಯುವುದಿಲ್ಲ. ಕಿರಿದಾದ ತುಣುಕು ಚಿಕ್ಕದು, ಅಲ್ಲಿ ರಕ್ತ ವೇಗವಾಗಿ ನುಗ್ಗಿ ದಾಟುತ್ತದೆ. ಮುಂದಿರುವ ಸಣ್ಣ ನಾಳಗಳು ಅಗಲವಾಗಿ ತಮ್ಮ ತಡೆಯನ್ನು ತಗ್ಗಿಸಿಕೊಳ್ಳುತ್ತವೆ. ಸುಮಾರು 70% ದಾಟಿದ ಮೇಲೆ ಚಿತ್ರ ಬದಲಾಗತೊಡಗುತ್ತದೆ. ನಾಳದ ತ್ರಿಜ್ಯ ಕುಗ್ಗಿದಂತೆ ಹರಿವಿನ ತಡೆ ಅದರ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಏರುತ್ತದೆ ಎಂದು ಫ್ರಾನ್ಸಿನ ಪ್ವಾಸೆಯ್ 19ನೆಯ ಶತಮಾನದಲ್ಲಿ ತೋರಿಸಿದ್ದರು. ತ್ರಿಜ್ಯ ಅರ್ಧವಾದರೆ ತಡೆ ಹದಿನಾರು ಪಟ್ಟು. ಆದ್ದರಿಂದ ಕೊನೆಯ ಕೆಲವು ಶೇಕಡಾ ಕಿರಿದಾಗುವಿಕೆ ಮಾಡುವ ಹಾನಿ, ಮೊದಲ ಐವತ್ತು ಮಾಡಿದ್ದಕ್ಕಿಂತ ಎಷ್ಟೋ ಹೆಚ್ಚು. ರಕ್ತದ ಕೊರತೆಯಿಂದ ಇಡೀ ಕಣ್ಣು ನರಳುವ ಕಾಯಿಲೆ ಬಹುಪಾಲು ಕಾಣಿಸಿಕೊಳ್ಳುವುದು ಧಮನಿ 90% ಅಥವಾ ಅದಕ್ಕೂ ಹೆಚ್ಚು ಮುಚ್ಚಿದವರಲ್ಲಿ. ಅಷ್ಟು ಮುಚ್ಚಿದಾಗ ಅದೇ ಬದಿಯ ಅಕ್ಷಿಪಟಲದ ಧಮನಿಗೆ ಸಿಗುವ ಒತ್ತಡ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಒತ್ತಡ ಅರ್ಧವಾದರೆ ಕಣ್ಣಿಗೆ ನಷ್ಟವೂ ಅರ್ಧವೇ? ಇಲ್ಲಿ ಕಣ್ಣಿಗೇ ವಿಶೇಷವಾದ ಒಂದು ಕಷ್ಟವಿದೆ. ಕಣ್ಣುಗುಡ್ಡೆ ಗಾಳಿ ತುಂಬಿದ ಚೆಂಡಿನಂತೆ ಒಳಗಿನಿಂದ ಬಿಗಿಯಾಗಿದೆ. ಒಳಗೆ ಬರುವ ರಕ್ತ ಆ ಬಿಗಿತವನ್ನು ಗೆದ್ದು ಬರಬೇಕು. ಒಂದು ಸರಳ ಲೆಕ್ಕ ಹಾಕೋಣ. ರಕ್ತದೊತ್ತಡ 120/80 ಇರುವವರ ಸರಾಸರಿ ಒತ್ತಡ ಸುಮಾರು 93. ಕುಳಿತಾಗ ಕಣ್ಣು ಹೃದಯಕ್ಕಿಂತ ಮೇಲಿರುವುದರಿಂದ ಕಣ್ಣಿನ ಧಮನಿಯಲ್ಲಿ ಅದರ ಮೂರನೆಯ ಎರಡು ಪಾಲು, ಅಂದರೆ 62ರಷ್ಟು ಇರುತ್ತದೆ. ಕಣ್ಣಿನೊಳಗಿನ ಒತ್ತಡ 15 ಎಂದುಕೊಂಡರೆ, ರಕ್ತವನ್ನು ನಿಜವಾಗಿ ಮುಂದೆ ತಳ್ಳುವ ಒತ್ತಡ 47. ಈಗ ಕತ್ತಿನ ಅಡಚಣೆಯಿಂದ ಆ 62 ಅರ್ಧವಾಗಿ 31 ಆಯಿತೆನ್ನಿ. ಅದರಿಂದ 15 ಕಳೆದರೆ ಉಳಿಯುವುದು 16. ಧಮನಿಯ ಒತ್ತಡ ಅರ್ಧವಾಯಿತು, ತಳ್ಳುವ ಬಲ ಮಾತ್ರ ಮೂರನೆಯ ಒಂದಕ್ಕೆ ಕುಸಿಯಿತು. ಗ್ಲಾಕೋಮಾ ಇದ್ದು ಕಣ್ಣಿನೊಳಗಿನ ಒತ್ತಡವೂ ಏರಿದ್ದರೆ ಏನಾಗುತ್ತದೆ ಎಂಬುದನ್ನು ಇದೇ ಲೆಕ್ಕದಿಂದ ಊಹಿಸಬಹುದು.

ಎರಡು ಕಡೆಯಿಂದ ಬರುವ ರಕ್ತ

ಅಕ್ಷಿಪಟಲ, ಅಂದರೆ ರೆಟಿನಾ, ಕಣ್ಣಿನ ಹಿಂಗೋಡೆಗೆ ಅಂಟಿದ ತೆಳುಪದರ. ತೂಕಕ್ಕೆ ತಕ್ಕಂತೆ ನೋಡಿದರೆ ದೇಹದಲ್ಲಿ ಅತಿ ಹೆಚ್ಚು ಆಮ್ಲಜನಕ ಬಳಸುವ ಅಂಗಾಂಶಗಳಲ್ಲಿ ಇದೂ ಒಂದು. ಅದಕ್ಕೆ ರಕ್ತ ಎರಡು ಕಡೆಯಿಂದ ಬರುತ್ತದೆ. ಕಣ್ಣಿನ ಧಮನಿಯ ಒಂದು ಸಣ್ಣ ಕವಲು ಕಣ್ಣುಗುಡ್ಡೆಗೆ ಸುಮಾರು ಒಂದು ಸೆಂಟಿಮೀಟರ್ ಹಿಂದೆ ದೃಷ್ಟಿ ನರದೊಳಗೆ ತೂರಿ, ಅದರ ನಡುವಿನಲ್ಲೇ ಸಾಗಿ, ಅಕ್ಷಿಪಟಲದ ಒಳಭಾಗಕ್ಕೆ ಹರಡಿಕೊಳ್ಳುತ್ತದೆ. ಇದು ದಪ್ಪದ ಮೂರನೆಯ ಎರಡು ಪಾಲನ್ನು ಸಾಕುತ್ತದೆ. ಹೊರಗಿನ ಉಳಿದ ಪಾಲು ಬೆಳಕನ್ನು ಹಿಡಿಯುವ ಕೋಶಗಳದು. ಅಲ್ಲಿ ರಕ್ತನಾಳಗಳೇ ಇಲ್ಲ. ಅವುಗಳ ಹಿಂದಿರುವ ಕೊರಾಯ್ಡ್ ಎಂಬ ರಕ್ತ ತುಂಬಿದ ಪದರದಿಂದ ಆಮ್ಲಜನಕ ಒಸರಿಕೊಂಡು ಬರಬೇಕು. ಕಣ್ಣಿಗೆ ಬರುವ ಒಟ್ಟು ರಕ್ತದಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು ಈ ಕೊರಾಯ್ಡ್‌ಗೇ ಹೋಗುತ್ತದೆ. ನಾವು ಅಕ್ಷರ ಓದುವ, ಮುಖ ಗುರುತಿಸುವ ನಡುಬಿಂದುವಿನಲ್ಲಂತೂ ಬೆಳಕಿಗೆ ಅಡ್ಡವಾಗಬಾರದೆಂಬಂತೆ ಒಳನಾಳಗಳೂ ಇಲ್ಲ. ಆ ಬಿಂದು ಪೂರ್ತಿ ಕೊರಾಯ್ಡ್‌ನ ಆಸರೆಯಲ್ಲಿದೆ.

ಈ ಎರಡು ವ್ಯವಸ್ಥೆಗಳ ಸ್ವಭಾವ ಬೇರೆ ಬೇರೆ. ಒಳನಾಳಗಳು ಮಿತವ್ಯಯದವು. ಕಡಿಮೆ ರಕ್ತ ತರುತ್ತವೆ, ಪ್ರತಿ ಹನಿಯಿಂದಲೂ ಹೆಚ್ಚು ಆಮ್ಲಜನಕ ಇಳಿಸುತ್ತವೆ. ಒತ್ತಡ ಇಳಿದರೆ ತಾವೇ ಅಗಲವಾಗಿ ಹರಿವನ್ನು ಕಾಯ್ದುಕೊಳ್ಳುತ್ತವೆ. ಕೊರಾಯ್ಡ್‌ನಲ್ಲಿ ರಕ್ತ ಧಾರಾಳ. ಅದು ಹರಿದುಹೋದ ಮೇಲೂ ಅದರಲ್ಲಿ ಆಮ್ಲಜನಕ ಬಹುಪಾಲು ಹಾಗೇ ಉಳಿದಿರುತ್ತದೆ. ಇದನ್ನು ದುಂದು ಎನ್ನಲಾಗದು. ನಾಳವಿಲ್ಲದ ದೂರವನ್ನು ದಾಟಿ ಆಮ್ಲಜನಕ ಒಸರಬೇಕಾದರೆ ಮೂಲದಲ್ಲಿ ಅದರ ಮಟ್ಟ ಎತ್ತರದಲ್ಲಿರಲೇಬೇಕು. ಮೂಲದ ಮಟ್ಟ ಸ್ವಲ್ಪ ಇಳಿದರೂ ಆಚೆ ತುದಿಗೆ ತಲುಪುವುದು ಕಷ್ಟ.

ಇನ್ನೊಂದು ಸಂಗತಿ ನನಗೆ ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ. ಬೆಳಕು ಹಿಡಿಯುವ ಕೋಶಗಳು ಹೆಚ್ಚು ಆಮ್ಲಜನಕ ಬಳಸುವುದು ಬೆಳಕಿನಲ್ಲಲ್ಲ, ಕತ್ತಲೆಯಲ್ಲಿ. ಕತ್ತಲೆಯಲ್ಲಿ ಅವುಗಳ ಪೊರೆಯ ಬಾಗಿಲುಗಳು ತೆರೆದೇ ಇದ್ದು ಸೋಡಿಯಂ ಸತತವಾಗಿ ಒಳಹರಿಯುತ್ತದೆ. ಅದನ್ನು ಹೊರಗೆ ಪಂಪು ಮಾಡುವ ದುಡಿಮೆಗೆ ಶಕ್ತಿ ಬೇಕು. ಬೆಳಕು ಬಿದ್ದಾಗ ಬಾಗಿಲು ಮುಚ್ಚಿ ದುಡಿಮೆ ತಗ್ಗುತ್ತದೆ. ಪ್ರಾಣಿಗಳ ಕಣ್ಣಿನಲ್ಲಿ ಸೂಕ್ಷ್ಮ ಎಲೆಕ್ಟ್ರೋಡ್ ಇಟ್ಟು ಅಳೆದಾಗ, ಕತ್ತಲೆಯಲ್ಲಿ ಈ ಕೋಶಗಳ ಸುತ್ತ ಆಮ್ಲಜನಕದ ಒತ್ತಡ ಬಹುತೇಕ ಸೊನ್ನೆಗೆ ಇಳಿಯುವುದು ಕಂಡಿದೆ. ಆರೋಗ್ಯವಂತ ಕಣ್ಣಿನಲ್ಲೇ ಹೀಗೆ. ಕೈಯಲ್ಲಿ ಉಳಿತಾಯವೇ ಇಲ್ಲದ ಸಂಸಾರಕ್ಕೆ ಬರುವ ಸಂಬಳವೂ ಕಡಿಮೆಯಾದರೆ ಹೇಗಿರುತ್ತದೆಯೋ, ಕತ್ತಿನ ಧಮನಿ ಮುಚ್ಚಿಕೊಂಡವರ ಕಣ್ಣಿನ ಗತಿ ಹಾಗೆ.

ಸಿರೆ ಹೇಳುವ ಸುದ್ದಿ

ಕಣ್ಣಿನೊಳಗಿನ ಈ ಕೊರತೆಯನ್ನು ಹೊರಗಿನಿಂದ ತಿಳಿಯುವುದು ಹೇಗೆ? ಅಡಾಲ್ಫ್ ಫಿಕ್ ಎಂಬ ಜರ್ಮನ್ ವಿಜ್ಞಾನಿ 1870ರಲ್ಲಿ ಹೇಳಿದ ಸರಳ ನಿಯಮವೊಂದು ಇಲ್ಲಿ ಕೈಹಿಡಿಯುತ್ತದೆ. ಒಂದು ಅಂಗ ಬಳಸಿದ ಆಮ್ಲಜನಕವೆಂದರೆ, ಅದಕ್ಕೆ ಹರಿದ ರಕ್ತದ ಪ್ರಮಾಣವನ್ನು ಧಮನಿಗೂ ಸಿರೆಗೂ ಇರುವ ಆಮ್ಲಜನಕದ ವ್ಯತ್ಯಾಸದಿಂದ ಗುಣಿಸಿದಷ್ಟು. ಫಿಕ್ ಈ ನಿಯಮವನ್ನು ರೂಪಿಸಿದ್ದು ಹೃದಯ ಪಂಪು ಮಾಡುವ ರಕ್ತವನ್ನು ಅಳೆಯಲು. ಮೊದಲ ಬಳಕೆಯೋಗ್ಯ ಕಾಂಟ್ಯಾಕ್ಟ್ ಲೆನ್ಸ್ ಮಾಡಿದವರು ಇವರದೇ ಹೆಸರಿನ ಇವರ ಸಹೋದರನ ಮಗ ಎಂಬುದು ಚೆಂದದ ಕಾಕತಾಳೀಯ.

ಈ ನಿಯಮವನ್ನು ಕಣ್ಣಿಗೆ ಹೊಂದಿಸಿ ನೋಡಿ. ಅಕ್ಷಿಪಟಲದ ಹಸಿವು ಹಾಗೇ ಇದೆ, ಹರಿವು ತಗ್ಗಿದೆ. ಹಾಗಿದ್ದರೆ ಪ್ರತಿ ಹನಿಯಿಂದಲೂ ಹೆಚ್ಚು ಆಮ್ಲಜನಕವನ್ನು ಹಿಂಡಿಕೊಳ್ಳದೆ ಬೇರೆ ದಾರಿಯಿಲ್ಲ. ಧಮನಿಯಲ್ಲಿ ಬರುವ ರಕ್ತ ಕೆಂಪಾಗಿಯೇ ಬರುತ್ತದೆ. ಹಿಂತಿರುಗುವ ರಕ್ತ ಮಾತ್ರ ಎಂದಿಗಿಂತ ಕಪ್ಪಾಗಿರುತ್ತದೆ. ಕೊರತೆಯ ಗುರುತು ಸಿಗುವುದು ಸಿರೆಯಲ್ಲಿ.

ಅದೃಷ್ಟಕ್ಕೆ, ದೇಹವನ್ನು ಕೊಯ್ಯದೆ ಧಮನಿ ಸಿರೆಗಳನ್ನು ನೇರವಾಗಿ ಕಣ್ಣಿಂದ ನೋಡಬಹುದಾದ ಜಾಗ ಕಣ್ಣಿನ ಒಳಗೋಡೆಯೇ. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ತಮ್ಮ ನೇತ್ರದರ್ಶಕದಿಂದ ಆ ಕಿಟಕಿಯನ್ನು ಲೋಕಕ್ಕೆ ತೆರೆದರು. ಇಂದಿನ ಅಕ್ಷಿಪಟಲ ಆಕ್ಸಿಮೀಟರ್ ಅದೇ ಕಿಟಕಿಯಲ್ಲಿ ಎರಡು ಬಣ್ಣಗಳ ಬೆಳಕಿನಲ್ಲಿ ಚಿತ್ರ ತೆಗೆಯುತ್ತದೆ. ಸುಮಾರು 570 ನ್ಯಾನೋಮೀಟರ್ ಬೆಳಕನ್ನು ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್, ಹೊರದ ಹಿಮೋಗ್ಲೋಬಿನ್ ಎರಡೂ ಒಂದೇ ಸಮನಾಗಿ ಹೀರುತ್ತವೆ. 600 ನ್ಯಾನೋಮೀಟರ್ ಬೆಳಕಿನಲ್ಲಿ ಆಮ್ಲಜನಕ ಕಳೆದುಕೊಂಡದ್ದು ಹೆಚ್ಚು ಹೀರಿ ಕಪ್ಪಾಗಿ ಕಾಣುತ್ತದೆ. ಎರಡು ಚಿತ್ರಗಳ ಗಾಢತೆಯನ್ನು ಹೋಲಿಸಿದರೆ ಒಂದೊಂದು ನಾಳದಲ್ಲೂ ಆಮ್ಲಜನಕ ಎಷ್ಟಿದೆ ಎಂಬ ಅಂದಾಜು ಸಿಗುತ್ತದೆ. ಆರೋಗ್ಯವಂತರಲ್ಲಿ ಇದು ಧಮನಿಗೆ ಸುಮಾರು 92%, ಸಿರೆಗೆ 55ರಿಂದ 60%ರ ಆಸುಪಾಸಿನ ಅಂಕಿ ತೋರಿಸುತ್ತದೆ. ಎರಡು ಕಣ್ಣುಗಳ ಸಿರೆಗಳಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಕತ್ತಿನ ಕಡೆ ಗಮನ ಹೋಗಬೇಕು. ಇದು ಇನ್ನೂ ಹೆಚ್ಚಾಗಿ ಸಂಶೋಧನೆಯ ಉಪಕರಣ. ಕಣ್ಣಿನ ಪೊರೆ ಬಂದು ಮಸೂರ ಮಸುಕಾಗಿದ್ದರೆ ಅಳತೆ ಏರುಪೇರಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ದೇಹ ಮೊದಲು ನಾಳಗಳನ್ನು ಅಗಲಿಸಿ ಹರಿವನ್ನು ಕಾಪಾಡುತ್ತದೆ. ಆ ಹಂತದಲ್ಲಿ ಸಿರೆಯ ರಕ್ತ ಬದಲಾಗುವುದೇ ಇಲ್ಲ. ಅಗಲಿಸುವುದು ಮುಗಿದ ಮೇಲೆ ಹಿಂಡಿಕೊಳ್ಳುವುದು ಶುರುವಾಗುತ್ತದೆ, ಸಿರೆ ಕಪ್ಪಾಗುತ್ತದೆ. ಹಿಂಡಿಕೊಳ್ಳುವುದಕ್ಕೂ ಮಿತಿಯಿದೆ. ಅದೂ ಮುಗಿದ ಮೇಲೆ ಕೋಶಗಳು ಸಾಯುತ್ತವೆ. ಸತ್ತ ಕೋಶಕ್ಕೆ ಆಮ್ಲಜನಕ ಬೇಡ. ಆಗ ಸಿರೆಯ ರಕ್ತ ಮತ್ತೆ ಕೆಂಪಾಗಬಹುದು. ಹಾಗಾಗಿ ಕೆಂಪು ಸಿರೆಯನ್ನು ಕಂಡೊಡನೆ ಸಮಾಧಾನಪಡುವಂತಿಲ್ಲ. ಅಂಕಿಯೊಂದನ್ನೇ ನೋಡದೆ ಕಣ್ಣು ಎಷ್ಟು ಕಾಣುತ್ತಿದೆ ಎಂಬುದನ್ನೂ ಜೊತೆಗಿಟ್ಟು ಓದಬೇಕು.

ಹಿಂದಕ್ಕೆ ಹರಿಯುವ ರಕ್ತ

ಕತ್ತಿನ ಒಳಗವಲು ಪೂರ್ತಿ ಮುಚ್ಚಿದ್ದರೂ ಕಣ್ಣು ಚೆನ್ನಾಗಿರುವವರು ಇದ್ದಾರೆ. ಕಾರಣ, ಬದಲಿ ದಾರಿಗಳು. ಮಿದುಳಿನ ತಳದಲ್ಲಿ ಎಡ, ಬಲ, ಹಿಂದಿನ ಧಮನಿಗಳನ್ನು ಬೆಸೆಯುವ ಒಂದು ಉಂಗುರವಿದೆ. 1664ರಲ್ಲಿ ಅದನ್ನು ವಿವರಿಸಿದ ಥಾಮಸ್ ವಿಲ್ಲಿಸ್ ಹೆಸರೇ ಅದಕ್ಕೆ ನಿಂತಿದೆ. ಈ ಉಂಗುರ ಸಮರ್ಪಕವಾಗಿದ್ದರೆ ಇನ್ನೊಂದು ಬದಿಯ ರಕ್ತ ಈಚೆಗೆ ಬರುತ್ತದೆ. ಆದರೆ ಬಹಳ ಜನರಲ್ಲಿ ಅದರ ಒಂದೆರಡು ಕೊಂಡಿಗಳು ಹುಟ್ಟಿನಿಂದಲೇ ಸಪೂರವಾಗಿರುತ್ತವೆ. ಅಂಥವರಲ್ಲಿ ಇನ್ನೊಂದು ದಾರಿ ತೆರೆದುಕೊಳ್ಳುತ್ತದೆ. ಹೊರಗವಲಿನಿಂದ ಮುಖಕ್ಕೂ ಹಣೆಗೂ ಹೋದ ರಕ್ತ, ಕಣ್ಣಿನ ಸುತ್ತಲಿನ ಸಣ್ಣ ಸಂಪರ್ಕಗಳ ಮೂಲಕ ಕಣ್ಣಿನ ಧಮನಿಯನ್ನು ಸೇರಿ, ಅದರಲ್ಲಿ ಹಿಮ್ಮುಖವಾಗಿ ಹರಿದು ಮಿದುಳಿಗೆ ಹೋಗುತ್ತದೆ. ಕಣ್ಣನ್ನು ಸಾಕಬೇಕಿದ್ದ ನಾಳ ಮಿದುಳನ್ನು ಸಾಕುವ ಕಾಲುವೆಯಾಗಿಬಿಡುತ್ತದೆ. ಪ್ರಾಣ ಉಳಿಯುತ್ತದೆ, ಕೆಲವೊಮ್ಮೆ ಕಣ್ಣು ಅದರ ಬೆಲೆ ತೆರುತ್ತದೆ. ಶಬ್ದದ ಅಲೆಗಳಿಂದ ರಕ್ತದ ಹರಿವನ್ನು ನೋಡುವ ಡಾಪ್ಲರ್ ಸ್ಕ್ಯಾನಿನಲ್ಲಿ ಈ ಹಿಮ್ಮುಖ ಹರಿವು ಕಂಡಿತೆಂದರೆ ಕತ್ತಿನ ಅಡಚಣೆ ಗಂಭೀರವಾಗಿದೆ ಎಂದೇ ತಿಳಿಯಬೇಕು.

ಕಣ್ಣು ಕೊಡುವ ಸೂಚನೆಗಳು

ಒಂದು ಕಣ್ಣಿನ ಮೇಲೆ ತೆರೆ ಇಳಿದಂತೆ ಕತ್ತಲಾಗಿ, ಕೆಲವು ನಿಮಿಷಗಳಲ್ಲಿ ಮತ್ತೆ ತಿಳಿಯಾಗುವುದು ಎಲ್ಲಕ್ಕಿಂತ ಮುಖ್ಯ ಸೂಚನೆ. ನೋವಿರುವುದಿಲ್ಲ. ಇದಕ್ಕೆ ಬಹುಪಾಲು ಕಾರಣ ಹರಿವಿನ ಕೊರತೆಯಲ್ಲ, ಕತ್ತಿನ ಜಿಡ್ಡಿನಿಂದ ಕಳಚಿ ಬಂದ ಚೂರು. ಅಮೆರಿಕದ ಮೇಯೋ ಕ್ಲಿನಿಕ್‌ನ ರಾಬರ್ಟ್ ಹಾಲೆನ್‌ಹಾರ್ಸ್ಟ್ 1961ರಲ್ಲಿ ಅಕ್ಷಿಪಟಲದ ನಾಳಗಳ ಕವಲುಗಳಲ್ಲಿ ಹೊಳೆಯುವ ಹೊಂಬಣ್ಣದ ಕೊಲೆಸ್ಟರಾಲ್ ಚೂರುಗಳನ್ನು ವಿವರಿಸಿದರು. ಇಂದಿಗೂ ಅವರ ಹೆಸರಿನಲ್ಲೇ ಅವನ್ನು ಕರೆಯುತ್ತಾರೆ. ಕಣ್ಣಿಗೆ ಬಂದ ಚೂರು ಮಿದುಳಿಗೂ ಹೋಗಬಲ್ಲದು. ಆದ್ದರಿಂದ ದೃಷ್ಟಿ ಮರಳಿತಲ್ಲ ಎಂದು ಸುಮ್ಮನಾಗುವುದನ್ನು ಕಂಡರೆ ನನಗೆ ತಳಮಳವಾಗುತ್ತದೆ. ಅದು ಪಾರ್ಶ್ವವಾಯುವಿನ ಮುನ್ಸೂಚನೆ. ಅಂದೇ ಆಸ್ಪತ್ರೆಗೆ ಹೋಗಬೇಕು. ಐವತ್ತು ದಾಟಿದವರಲ್ಲಿ ಇದರ ಜೊತೆ ಕಪಾಲದ ನೋವು, ಅಗಿಯುವಾಗ ದವಡೆ ನೋವು ಇದ್ದರೆ ಧಮನಿಯ ಉರಿಯೂತದ ಬೇರೊಂದು ಕಾಯಿಲೆಯನ್ನೂ ಕೂಡಲೇ ಪರೀಕ್ಷಿಸಬೇಕಾಗುತ್ತದೆ.

ಚೂರು ಕದಲದೆ ಅಕ್ಷಿಪಟಲದ ಮುಖ್ಯ ಧಮನಿಯಲ್ಲೇ ಸಿಕ್ಕಿಕೊಂಡರೆ ಸಮಯ ಬಹಳ ಕಡಿಮೆ. ಸೋಹನ್ ಸಿಂಗ್ ಹೈರೇ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ 97 ನಿಮಿಷಗಳವರೆಗೆ ಹಾನಿ ಕಾಣಲಿಲ್ಲ, 240 ನಿಮಿಷಗಳಾದಾಗ ಹಾನಿ ಮರಳಿ ಸರಿಹೋಗದಷ್ಟಾಗಿತ್ತು.

ಹರಿವಿನ ಕೊರತೆಯ ಸೂಚನೆಗಳು ಇಷ್ಟು ನಾಟಕೀಯವಲ್ಲ. ಬಿಸಿಲಿಗೆ ಹೋದಾಗ ಅಥವಾ ಪ್ರಖರ ದೀಪ ಕಂಡಾಗ ಒಂದು ಕಣ್ಣಿನ ನೋಟ ಬೆಳ್ಳಗೆ ಮಂಕಾಗಿ, ತಿಳಿಯಾಗಲು ನಿಮಿಷಗಳೇ ಹಿಡಿಯುತ್ತವೆ. ಪ್ರಖರ ಬೆಳಕು ಕೋಶಗಳಲ್ಲಿನ ವರ್ಣದ್ರವ್ಯವನ್ನು ಖಾಲಿಮಾಡುತ್ತದೆ. ಅದನ್ನು ಮರಳಿ ಕಟ್ಟುವ ಕೆಲಸ ನಡೆಯುವುದು ಕೊರಾಯ್ಡ್‌ನ ಆಸರೆಯಲ್ಲಿರುವ ಹೊರಪದರದಲ್ಲಿ. ಅಲ್ಲಿಯೇ ರಕ್ತ ಸಾಲದು. ಕಣ್ಣಿನಲ್ಲೋ ಹುಬ್ಬಿನಲ್ಲೋ ಮಂದವಾದ ನೋವು ಕೆಲವರಿಗೆ ಬರುತ್ತದೆ, ಮಲಗಿದರೆ ಕಡಿಮೆಯಾಗುತ್ತದೆ. ಮಲಗಿದಾಗ ಕಣ್ಣು ಹೃದಯದ ಮಟ್ಟಕ್ಕೆ ಬಂದು ರಕ್ತದ ಒತ್ತಡ ಏರುವುದೇ ಇದಕ್ಕೆ ಕಾರಣ. ವೈದ್ಯರು ಒಳಗೆ ನೋಡಿದಾಗ ಅಗಲವಾದ, ಆದರೆ ಹೆಚ್ಚು ಅಂಕುಡೊಂಕಾಗದ ಸಿರೆಗಳು, ಸಪೂರವಾದ ಧಮನಿಗಳು, ಅಕ್ಷಿಪಟಲದ ನಡುವಿಗೂ ಅಂಚಿಗೂ ಮಧ್ಯದ ಭಾಗದಲ್ಲಿ ಚುಕ್ಕೆಯಂಥ ರಕ್ತಸ್ರಾವಗಳು ಕಾಣುತ್ತವೆ. ಮಧುಮೇಹದ ಕಣ್ಣಿನ ಕಾಯಿಲೆಯೆಂದು ಇದನ್ನು ತಪ್ಪಾಗಿ ಓದುವ ಅಪಾಯವಿದೆ. ಮಧುಮೇಹ ಸಾಮಾನ್ಯವಾಗಿ ಎರಡೂ ಕಣ್ಣನ್ನು ಕಾಡುತ್ತದೆ. ಒಂದೇ ಕಣ್ಣು ಹೆಚ್ಚು ಹದಗೆಟ್ಟಿದ್ದರೆ ಕತ್ತಿನ ಸ್ಕ್ಯಾನ್ ಮಾಡಿಸುವುದು ವಿವೇಕ.

ಕೊರತೆ ಮುಂದುವರಿದರೆ ಅಕ್ಷಿಪಟಲ ವಿಇಜಿಎಫ್ ಎಂಬ ಪ್ರೋಟೀನನ್ನು ಸ್ರವಿಸಿ ಹೊಸ ನಾಳಗಳನ್ನು ಕರೆಯುತ್ತದೆ. ಆ ನಾಳಗಳು ಬೇಕಾದಲ್ಲಿ ಬೆಳೆಯದೆ ಪಾಪೆಯ ಸುತ್ತಲಿನ ಐರಿಸ್ ಮೇಲೆ ಹಬ್ಬಿ, ಕಣ್ಣಿನ ದ್ರವ ಹೊರಹೋಗುವ ದಾರಿಯನ್ನು ಮುಚ್ಚುತ್ತವೆ. ಹಾಗಾದಾಗ ಕಣ್ಣಿನೊಳಗಿನ ಒತ್ತಡ ಏರಬೇಕು. ಎಷ್ಟೋ ಸಲ ಏರುವುದಿಲ್ಲ. ದ್ರವವನ್ನು ತಯಾರಿಸುವ ಅಂಗಾಂಶಕ್ಕೂ ರಕ್ತ ಸಾಲದೆ ಉತ್ಪಾದನೆಯೇ ತಗ್ಗಿರುತ್ತದೆ.

ಕತ್ತಿನ ಡಾಪ್ಲರ್ ಸ್ಕ್ಯಾನ್ ನೋವಿಲ್ಲದ ಪರೀಕ್ಷೆ. ಹೆಚ್ಚಿನ ವಿವರ ಬೇಕಿದ್ದರೆ ಸಿಟಿ ಅಥವಾ ಎಂಆರ್ ಆಂಜಿಯೋಗ್ರಾಮ್ ಇದೆ. ಹೃದಯವನ್ನೂ ಪರೀಕ್ಷಿಸಬೇಕು. ಕತ್ತಿನಲ್ಲಿ ಜಿಡ್ಡು ಕಟ್ಟಿದವರ ಹೃದಯದ ಧಮನಿಗಳೂ ಅದೇ ಹಾದಿಯಲ್ಲಿರುವ ಸಂಭವ ಹೆಚ್ಚು. ಧೂಮಪಾನ ಬಿಡುವುದು, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ರಕ್ತದೊತ್ತಡ ಮತ್ತು ಸಕ್ಕರೆಯ ಹತೋಟಿ ಎಲ್ಲರಿಗೂ ಬೇಕು. ರಕ್ತದೊತ್ತಡವನ್ನು ಒಮ್ಮೆಗೇ ಬಹಳ ಇಳಿಸಿದರೆ ಮೇಲಿನ ಲೆಕ್ಕದ 16 ಇನ್ನೂ ಕುಗ್ಗುತ್ತದೆ ಎಂಬುದನ್ನು ಮರೆಯಬಾರದು. ಲಕ್ಷಣಗಳಿದ್ದು 70ರಿಂದ 99% ಕಿರಿದಾದವರಿಗೆ ಶಸ್ತ್ರಚಿಕಿತ್ಸೆಯಿಂದ ಜಿಡ್ಡನ್ನು ಕೆರೆದು ತೆಗೆಯುವುದು ಸ್ಪಷ್ಟವಾಗಿ ಲಾಭಕರ ಎಂದು ಉತ್ತರ ಅಮೆರಿಕದಲ್ಲಿ ನಡೆದು 1991ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ಎರಡು ವರ್ಷಗಳಲ್ಲಿ ಅದೇ ಬದಿಯ ಪಾರ್ಶ್ವವಾಯು ಔಷಧಿ ಮಾತ್ರ ಪಡೆದವರಲ್ಲಿ 26%, ಶಸ್ತ್ರಚಿಕಿತ್ಸೆಯಾದವರಲ್ಲಿ 9% ಇತ್ತು. ಕೆಲವರಿಗೆ ಸ್ಟೆಂಟ್ ಹೊಂದುತ್ತದೆ.

ಕತ್ತಿನ ದಾರಿ ತೆರೆದ ಮೇಲೆ ಕಣ್ಣಿನ ತಜ್ಞರು ಮತ್ತೆ ನೋಡಲೇಬೇಕಾದ ಕಾರಣವೊಂದಿದೆ. ಇಷ್ಟು ದಿನ ಅರೆಹೊಟ್ಟೆಯಲ್ಲಿದ್ದ ದ್ರವ ತಯಾರಿಸುವ ಅಂಗಾಂಶಕ್ಕೆ ಒಮ್ಮೆಗೇ ರಕ್ತ ತುಂಬಿ ಬರುತ್ತದೆ, ಅದು ಕೆಲಸ ಶುರುಮಾಡುತ್ತದೆ. ದ್ರವ ಹೊರಹೋಗುವ ದಾರಿಯನ್ನು ಹೊಸ ನಾಳಗಳು ಆಗಲೇ ಮುಚ್ಚಿದ್ದರೆ, ಶಸ್ತ್ರಚಿಕಿತ್ಸೆ ಯಶಸ್ವಿಯಾದ ಮೇಲೆಯೇ ಕಣ್ಣಿನೊಳಗಿನ ಒತ್ತಡ ಥಟ್ಟನೆ ಏರುತ್ತದೆ. ಕತ್ತಿನ ಶಸ್ತ್ರಚಿಕಿತ್ಸಕರೂ ಕಣ್ಣಿನ ವೈದ್ಯರೂ ಚಿಕಿತ್ಸೆಗೆ ಮುಂಚೆಯೇ ಒಬ್ಬರೊಡನೊಬ್ಬರು ಮಾತಾಡಿಕೊಂಡಿದ್ದರೆ, ಆ ಏರಿಕೆಗೆ ಬೇಕಾದ ಔಷಧಿಯನ್ನು ಸಿದ್ಧವಾಗಿಟ್ಟುಕೊಂಡಿರುತ್ತಾರೆ.